ಕೆಂಪಿಯ ಮರಿಗಳು

ಬುಟ್ಟಿಯ ಅಡಿಗೆ ಕೈ ಚಾಚಿದ ಮೂಕಮ್ಮನಿಗೆ ಮೊದಲು ತಾಗಿದ್ದು ಮರಿಯ ಮೈಯಲ್ಲ, ಕೆಂಪಿಯ ಕೊಕ್ಕು. ಹೆಬ್ಬೆರಳಿನ ಬುಡದಲ್ಲಿ ರಕ್ತ ಮೂಡಿತು. ಆದರೂ ಅವಳು ಕೈ ಹಿಂತೆಗೆಯಲಿಲ್ಲ. ರೆಕ್ಕೆಯ ಬಿಸಿಯೊಳಗೆ ಒತ್ತೊತ್ತಾಗಿ ಕುಳಿತಿದ್ದ ಮರಿಗಳಲ್ಲಿ ಒಂದನ್ನು ಹಿಡಿದು ಹೊರಗೆಳೆದು, ಪಕ್ಕದಲ್ಲಿದ್ದ ಇನ್ನೊಂದು ಬುಟ್ಟಿಯ ಅಂಚನ್ನೆತ್ತಿ ಒಳಗೆ ನೂಕಿದಳು. ಆ ಬುಟ್ಟಿಯಲ್ಲಿದ್ದದ್ದು ಕರಿ ಹೇಂಟೆ. ಅದು ಅವಳದು. ಕೆಂಪಿ ಅವಳದಲ್ಲ.

ಓಣಿಯಲ್ಲಿ ದೀಪ ಹಚ್ಚುವ ಹೊತ್ತು. ಮಾನ್ವಿಯ ಸಂತೆಯಿಂದ ಆಗಷ್ಟೇ ಬಂದಿದ್ದ ಗಂಡ ತಾಯಣ್ಣ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಸುದ್ದಿಯನ್ನು ತಂದವನೂ ಅವನೇ: ಎದುರು ಮನೆಯ ಸೈಫುದ್ದೀನ್ ಮಾನ್ವಿಗೆ ಬಂದಿಳಿದಿದ್ದಾನೆ, ನಾಳೆ ಬೆಳಗ್ಗೆ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬರುತ್ತಾನೆ.

"ಎಷ್ಟು ತಗೊಂಡಿ?" ಎಂದು ಕೇಳಿದ.

"ಆರು."

"ಇನ್ನೆರಡು ಯಾಕ ಬಿಟ್ಟಿ? ಧರ್ಮಕ್ಕೇನು?"

"ನಗಬ್ಯಾಡ. ಮಗಳಿಗೆ ಮಾತು ಕೊಟ್ಟೀನಿ."

"ನಾ ನಗಾಕತ್ತಿಲ್ಲಬೇ. ಅವರ ಮನಿ ಬಾಗಿಲದ ಚೌಕಟ್ಟು ಕಿತ್ತುಕೊಂಡು ಹೋದೋರು ಹೊಟ್ಟಿ ತುಂಬ ಉಂಡು ಮಕ್ಕೊಳ್ಳಾಕತ್ತಾರ. ನೀ ನೋಡಿದ್ರ ಆರು ಮರಿಗೆ ಹಿಂಗ ನಡುಗಾಕತ್ತೀ."

ಮೂಕಮ್ಮ ಕರಿ ಹೇಂಟೆಯ ಬುಟ್ಟಿಗೆ ಕಿವಿಗೊಟ್ಟಳು. ಮೊಟ್ಟೆಯೊಡೆದು ಹೊರಬಂದ ದಿನವೇ ಆಗಿದ್ದರೆ ಮರಿಯನ್ನು ಕತ್ತಲಲ್ಲಿ ಯಾವ ಹೇಂಟೆಯ ಅಡಿಗೆ ಇಟ್ಟರೂ ಅದು ತನ್ನದೆಂದೇ ಸಾಕುತ್ತದೆ. ಇವು ಆಗಲೇ ರೆಕ್ಕೆ ಮೂಡಿದ ಮರಿಗಳು. ತಾಯಿಯ ದನಿಯನ್ನು ಬಲ್ಲವು. ಇದು ಅವಳಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ತಪ್ಪಿಗೆ ಕೈಹಾಕಿದವರು ತಮಗೆ ತಿಳಿದದ್ದನ್ನೇ ಮೊದಲು ಮರೆಯುತ್ತಾರೆ.

ಆ ವರ್ಷ ಭಾದ್ರಪದದಲ್ಲಿ ಹಿಂದುಸ್ತಾನದ ಸೈನ್ಯ ಹೈದರಾಬಾದ್ ಸೀಮೆಯೊಳಗೆ ಕಾಲಿಟ್ಟು ನಿಜಾಮನ ಆಳ್ವಿಕೆ ಮುಗಿದಿತ್ತು. ನಿಜಾಮನ ಪರವಾಗಿ ಹಳ್ಳಿಗಳನ್ನು ಕಾಡಿದ್ದ ರಜಾಕಾರರು ಮಾಡಿದ ಅನ್ಯಾಯಕ್ಕೆ ರಜಾಕಾರರ ಮೇಲೆ ಸೇಡು ತೀರಿಸಿಕೊಳ್ಳಲಾಗದ ಜನ, ಅರಳೆ ಹಿಂಜಿ ಗಾದಿ ಹೊಲಿಯುವ ಸೈಫುದ್ದೀನನ ಕಡೆಗೆ ನೋಡತೊಡಗಿದ್ದರು. ಅವನು ಯಾರಿಗೂ ಕೇಡು ಬಗೆದವನಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆ ವಾರ ಕೇಡು ಬಗೆದಿರಬೇಕೆಂಬ ನಿಯಮವೇನೂ ಇರಲಿಲ್ಲ, ಹೆಸರೊಂದೇ ಸಾಕಾಗಿತ್ತು. ಒಂದು ನಸುಕಿನಲ್ಲಿ ಅವನೂ ಹೆಂಡತಿ ಅಮೀರ್ ಬೀಯೂ ರಾಯಚೂರಿನಲ್ಲಿದ್ದ ಅವಳ ಅಕ್ಕ ಸುಗ್ರಾ ಬೇಗಮಳ ಮನೆಗೆ ಹೊರಟು ನಿಂತಾಗ, ಅಮೀರ್ ಬೀ ಕಾವಿಗೆ ಕುಳಿತ ಕೆಂಪಿಯನ್ನು ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿಟ್ಟುಕೊಂಡು ಓಣಿ ದಾಟಿ ಬಂದಿದ್ದಳು.

"ಕಾವಿಗೆ ಕುಂತದ, ದಾರಿ ಮ್ಯಾಲೆ ಒಯ್ಯಾಕ ಬರಂಗಿಲ್ಲ. ನಿನ್ನ ಕೈಯಾಗ ಅಮಾನತ್ ಇಡತೀನಿ ಯಕ್ಕಾ," ಎಂದಿದ್ದಳು. ನಂಬಿ ಒಪ್ಪಿಸುವ ವಸ್ತುವಿಗೆ ಆ ಸೀಮೆಯವರೆಲ್ಲರೂ ಹೇಳುವ ಮಾತು ಅದು. "ಮರಿ ಆದ್ರ ಅರ್ಧ ನಿನ್ನವು, ಅರ್ಧ ನನ್ನವು. ನಾವು ಬರದಿದ್ರ ಎಲ್ಲಾ ನಿನ್ನವೇ."

"ಬರದ ಏನು, ಬಾಯಿ ಮುಚ್ಚು," ಎಂದು ಮೂಕಮ್ಮ ಗದರಿದ್ದಳು. ಆ ಗದರಿಕೆ ನಿಜವಾದ ಪ್ರೀತಿಯಿಂದಲೇ ಬಂದಿತ್ತು.

ಅವರು ಹೋದ ಮರುದಿನವೇ ಓಣಿಯ ಜನ ಆ ಮನೆಗೆ ನುಗ್ಗಿದರು. ಒಬ್ಬ ಚೌಕಟ್ಟನ್ನು ಕಿತ್ತ, ಇನ್ನೊಬ್ಬ ಆಡುಗಳನ್ನು ಹೊಡೆದುಕೊಂಡು ಹೋದ, ಪಕ್ಕದ ಮನೆಯ ಪಾರ್ವತೆಮ್ಮ ಬೀಸುಕಲ್ಲನ್ನು ಉರುಳಿಸಿಕೊಂಡು ಬಂದಳು. ಮೂಕಮ್ಮ ತನ್ನ ಬಾಗಿಲಲ್ಲಿ ನಿಂತು ಬೈದಳು. ಒಂದು ಚಮಚೆಯನ್ನೂ ಮುಟ್ಟಲಿಲ್ಲ. ಆ ಹೆಮ್ಮೆ ಅವಳಲ್ಲಿ ಗಟ್ಟಿಯಾಗಿ ಉಳಿಯಿತು. ಮುಂದೆ ನಡೆದುದಕ್ಕೆ ದಾರಿ ಮಾಡಿಕೊಟ್ಟದ್ದು ಬಹುಶಃ ಆ ಹೆಮ್ಮೆಯೇ.

ಮೂರು ಮೊಟ್ಟೆ ಕೆಟ್ಟವು, ಉಳಿದವೆಲ್ಲ ಮರಿಯಾದವು. ಅದೇ ವಾರ ಅವಳ ಕರಿ ಹೇಂಟೆಯೂ ಮರಿ ಮಾಡಿತು. ಹಿತ್ತಿಲ ತುಂಬ ಚಿಲಿಪಿಲಿ. ಮೂಕಮ್ಮ ನುಚ್ಚು ನೆನೆಸಿ ಹಾಕಿದಳು. ಒಡಕು ಗಡಿಗೆಗೆ ಸೆಗಣಿ ತುಂಬಿ ಹೊಲದ ಬದುವಿನಲ್ಲಿ ಬೋರಲು ಹಾಕಿ, ಅದಕ್ಕೆ ಹತ್ತಿದ ಒರಲೆ ಹುಳುಗಳನ್ನು ಬೆಳಗ್ಗೆ ತಂದು ಉದುರಿಸಿದಳು. ದೊಡ್ಡ ಕೋಳಿಗಳು ಮರಿಗಳ ಪಾಲನ್ನು ಕಸಿಯದಂತೆ ಕೋಲು ಹಿಡಿದು ಕಾದಳು. ಎರಡು ಹೇಂಟೆಗಳ ಮರಿಗಳೂ ಹಗಲೆಲ್ಲ ಒಂದೇ ತಿಪ್ಪೆಯನ್ನು ಕೆದರುತ್ತಿದ್ದವು. ಸಂಜೆಯಾದರೆ ಮಾತ್ರ ತಮ್ಮ ತಮ್ಮ ತಾಯಿಯ ಅಡಿಗೆ ಸೇರುತ್ತಿದ್ದವು.

ಕರಿ ಹೇಂಟೆ ಮಬ್ಬು ತಾಯಿ. ಹದ್ದಿನ ನೆರಳು ಬಿದ್ದರೆ ತಾನೊಂದೇ ಓಡಿ ಅಡಗುತ್ತಿತ್ತು. ಅದರ ಮರಿಗಳನ್ನು ಹದ್ದು ಒಯ್ದಿತು, ಮುಂಗುಸಿ ಹಿಡಿಯಿತು, ಒಂದು ನೀರಿನ ತೊಟ್ಟಿಯಲ್ಲಿ ಬಿದ್ದು ಸತ್ತಿತು. ಕೆಂಪಿ ಹಾಗಲ್ಲ, ರೆಕ್ಕೆ ಕೆದರಿ ಬೆಕ್ಕಿನ ಮುಖಕ್ಕೇ ಹಾರುತ್ತಿತ್ತು. ಅದು ಕಳೆದುಕೊಂಡದ್ದು ಒಂದನ್ನು ಮಾತ್ರ. ಆದರೆ ಕರಿ ಹೇಂಟೆಯ ಮರಿಯೊಂದು ಹೋದಾಗಲೆಲ್ಲ ಮೂಕಮ್ಮ ಮನಸ್ಸಿನಲ್ಲಿ, 'ಅಮೀರವ್ವನದೊಂದು ಹೋಯಿತು' ಎಂದುಕೊಂಡಳು. ಮೊದಲ ಸಲ ಅದು ಬರೀ ಸಂಕಟದ ಮಾತು. ಆಮೇಲಾಮೇಲೆ ಅದೇ ನ್ಯಾಯವೆನಿಸಿತು. ಇಲ್ಲದವರ ಪಾಲಿಗೇ ನಷ್ಟವನ್ನು ಬರೆಯುವ ಈ ನ್ಯಾಯ ಎಷ್ಟು ಹಳೆಯದು, ಎಷ್ಟು ದೊಡ್ಡ ಮನೆಗಳಲ್ಲಿ ನಡೆದು ಬಂದದ್ದು ಎಂಬುದು ಕೂಲಿಯ ಹೆಂಗಸು ಮೂಕಮ್ಮನಿಗೆ ತಿಳಿದಿರಲಿಲ್ಲ. ಕಲಿಸುವವರಿಲ್ಲದೆಯೇ ಅವಳು ಅದನ್ನು ಕಲಿತಳು.

ದಸರೆಗೆ ಕಲ್ಲೂರಿನಿಂದ ಮಗಳು ಗೋಪಮ್ಮ ಬಂದಾಗ ಕರಿ ಹೇಂಟೆಯ ಹಿಂದೆ ಒಂದು ಮರಿಯೂ ಉಳಿದಿರಲಿಲ್ಲ. ಗೋಪಮ್ಮ ಚೊಚ್ಚಲ ಬಸುರಿ. "ತವರುಮನಿಯಿಂದ ಏನು ತರತೀ, ಗಾಳಿಯೇನು?" ಎಂದು ಅತ್ತೆ ಹಂಗಿಸುತ್ತಾಳೆಂದು ಕಣ್ಣೀರಿಟ್ಟಳು. ಮೂಕಮ್ಮ ಹಿತ್ತಿಲಿನ ಕಡೆಗೆ ಕೈ ತೋರಿಸಿ, "ಕೂಸು ಎತ್ತಿಕೊಂಡು ಹೋಗಾಗ ಇವೆಲ್ಲ ನಿನ್ನ ಹಿಂದ ಬರತಾವ. ಹೇಳು ಹೋಗು ನಿಮ್ಮತ್ತಿಗೆ," ಎಂದಳು. ಅವಳ ಕೈ ತೋರಿಸಿದ್ದು ಕೆಂಪಿಯ ಮರಿಗಳನ್ನು.

ಮರಿಗಳನ್ನು ಬದಲಿಸಿದ ಮರುದಿನ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಬಂಡಿ ಬಂದಿತು. ಅಮೀರ್ ಬೀ ಇಳಿದು, ಚೌಕಟ್ಟಿಲ್ಲದ ತನ್ನ ಬಾಗಿಲನ್ನು ನೋಡುತ್ತ ನಿಂತಳು. ಸೈಫುದ್ದೀನ್ ಒಳಗೆ ಹೋಗಿ ಬಂದು ಕಲ್ಲಿನ ಮೇಲೆ ಕುಳಿತ. ಜನ ಸೇರಿದರು. ಮುಖ ತಪ್ಪಿಸಬೇಕಾದವರೇ ಮುಂದೆ ನಿಂತಿದ್ದರು.

"ನಿನ್ನ ಬೀಸುಕಲ್ಲು ಜ್ವಾಪಾನ ಮಾಡಿ ಇಟ್ಟೀನವ್ವ," ಎಂದಳು ಪಾರ್ವತೆಮ್ಮ. "ಯಾರಾರ ಒಯ್ದಾರು ಅಂತ."

"ಯಾರಾರ ಒಯ್ದಿದ್ರ ನಿನಗ ಎಷ್ಟು ತ್ರಾಸ ಆಗತಿತ್ತು, ಪಾಪ," ಎಂದಳು ಅಮೀರ್ ಬೀ. "ಬೀಸಿ ಬೀಸಿ ಸವೆದಿದ್ರ ಇಟ್ಟುಕೋ. ನಿನಗೂ ರೂಢಿ ಆಗಿರತದ."

ಯಾರೋ ಕಿಸಕ್ಕನೆ ನಕ್ಕರು. ಅಮೀರ್ ಬೀ ನೆಟ್ಟಗೆ ಮೂಕಮ್ಮನ ಅಂಗಳಕ್ಕೆ ಬಂದಳು. ಮೂಕಮ್ಮ ಕೆಂಪಿಯನ್ನೂ ಎರಡು ಮರಿಗಳನ್ನೂ ಬುಟ್ಟಿಯೊಳಗಿಟ್ಟು ಸಿದ್ಧವಾಗಿದ್ದಳು.

"ತತ್ತಿ ಭಾಳ ಕೆಟ್ಟವು," ಎಂದಳು, ಕೇಳುವ ಮೊದಲೇ. "ಗದ್ದಲದ ದಿನ. ಕೋಳಿ ಅಂಜಿ ಅಂಜಿ ಏಳತಿತ್ತು. ಎರಡೇ ಉಳದಾವು. ಎರಡೂ ನೀನೇ ಇಟ್ಟುಕೋ. ನನಗ ಪಾಲು ಬ್ಯಾಡ."

ಆರು ಮರಿಗಳನ್ನು ಕದ್ದವಳು ಒಂದು ಮರಿಯ ಪಾಲನ್ನು ಬಿಟ್ಟುಕೊಟ್ಟಳು. ಅಮೀರ್ ಬೀಯ ಕಣ್ಣು ತುಂಬಿ ಬಂತು. ಅವಳು ಎಲ್ಲರ ಕಡೆಗೆ ತಿರುಗಿ, "ನೋಡ್ರಿ! ನಾ ಹಾಕಿ ಹೋದ ಬೀಗಾನೂ ಉಳೀಲಿಲ್ಲ, ಈಕಿ ಕೈಯಾಗ ಕೊಟ್ಟ ಕೋಳಿ ಉಳೀತು. ಇಡೀ ಓಣ್ಯಾಗ ಈಕಿ ಒಬ್ಬಾಕಿ," ಎಂದಳು.

ಆ ಮಾತು ಮುಗಿಯುತ್ತಲೇ ಮೂಕಮ್ಮ ತಲೆ ತಗ್ಗಿಸಿದಳು. ಅದನ್ನು ಜನ ವಿನಯವೆಂದು ತಿಳಿದರು.

ಅಮೀರ್ ಬೀ ಬುಟ್ಟಿ ಹೊತ್ತು ಓಣಿಗಿಳಿದಳು. ಅಪರಿಚಿತ ತೂಗಾಟಕ್ಕೆ ಬೆದರಿದ ಕೆಂಪಿ ಒಳಗಿನಿಂದಲೇ ಮರಿಗಳನ್ನು ಕರೆಯತೊಡಗಿತು: ಕೊಕ್, ಕೊಕ್, ಕೊಕ್. ಹಿತ್ತಿಲಿನಲ್ಲಿ ಕರಿ ಹೇಂಟೆಯ ಬಳಿಯಿದ್ದ ಆರು ಮರಿಗಳೂ ಒಮ್ಮೆಗೇ ತಲೆಯೆತ್ತಿದವು. ಮೂಕಮ್ಮ ಅಡ್ಡ ಬಂದಳು. ಅವು ಅವಳ ಕಾಲ ಸಂದಿಯಿಂದಲೇ ನುಗ್ಗಿದವು. ನಡುಮನೆ ದಾಟಿ, ಹೊಸ್ತಿಲು ಹಾರಿ, ಚೀರುತ್ತ ಓಣಿಗುಂಟ ಅಮೀರ್ ಬೀಯ ಹಿಂದೆ ಓಡಿದವು.

"ಅಯ್ಯ! ನಿನ್ನ ಮರಿ ಜಾತಿ ಬಿಟ್ಟು ಹೊಂಟಾವಲ್ಲಬೇ ಮೂಕಿ!" ಎಂದು ಪಾರ್ವತೆಮ್ಮ ಚಪ್ಪಾಳೆ ತಟ್ಟಿ ನಕ್ಕಳು.

ಅಮೀರ್ ಬೀ ತಿರುಗಿ ನಿಂತಳು. ಕಾಲ ಬಳಿ ಮುತ್ತಿದ ಮರಿಗಳನ್ನು ನೋಡಿದಳು. ತಲೆಯ ಮೇಲಿನ ಬುಟ್ಟಿಯೊಳಗೆ ಕೆಂಪಿ ಕೂಗುವುದನ್ನು ಕೇಳಿದಳು. ಮೂಕಮ್ಮನ ಮುಖವನ್ನು ನೋಡಿದಳು. ಮರಿಗಳು ಯಾರವೆಂದು ಕೋಳಿ ಸಾಕಿದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಬುಟ್ಟಿಯನ್ನಿಳಿಸಿ, ಮರಿಗಳನ್ನು ಸೆರಗಿಗೆ ಹಾಕಿಕೊಂಡು ಮರಳಿ ಬಂದು ಮೂಕಮ್ಮನ ಮಡಿಲಿಗೆ ಸುರಿದಳು.

"ಮರಿಗೇನು ತಿಳೀತದ, ಯಾರ ಹಿಂದರ ಹೋಗತಾವ," ಎಂದಳು. ದನಿ ಸಮವಾಗಿತ್ತು. ಆದರೆ 'ಯಕ್ಕಾ' ಎನ್ನಲಿಲ್ಲ.

ಅಂದು ಸಂಜೆ ಮೂಕಮ್ಮ ಆರನ್ನೂ ಕರಿ ಹೇಂಟೆಯೊಂದಿಗೆ ಬುಟ್ಟಿಯ ಅಡಿಯಲ್ಲಿ ಮುಚ್ಚಿದಳು. ಒಳಗೆ ರೆಕ್ಕೆ ಬಡಿದಾಟ ಎದ್ದಿತು. ಎತ್ತಿ ನೋಡಿದರೆ ಕರಿ ಹೇಂಟೆ ಮರಿಗಳನ್ನು ಮೂಲೆಗೆ ಒತ್ತಿ ಕುಕ್ಕುತ್ತಿತ್ತು. ಒಂದರ ನೆತ್ತಿಯ ತುಪ್ಪಟ ಕಿತ್ತು ರಕ್ತ ಜಿನುಗುತ್ತಿತ್ತು. ಎದುರು ಮನೆಯಿಂದ ಕೆಂಪಿಯ ಕರೆ ಕೇಳುತ್ತಲೇ ಇತ್ತು. ಮೂಕಮ್ಮ ಗಾಯಕ್ಕೆ ಅರಿಶಿಣ ಒತ್ತಿ, ಆರನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಓಣಿ ದಾಟಿದಳು. ಚೌಕಟ್ಟಿದ್ದ ಜಾಗದಲ್ಲಿ ಗೋಣಿತಟ್ಟು ಇಳಿಬಿದ್ದಿತ್ತು.

"ಇವು ಕೆಂಪಿವು," ಎಂದಳು.

"ಹೌದು," ಎಂದಳು ಅಮೀರ್ ಬೀ.

"ಮೂರೇ ತತ್ತಿ ಕೆಟ್ಟಿದ್ವು."

ಅಮೀರ್ ಬೀ ಕೆಂಪಿಯ ಬುಟ್ಟಿಯ ಅಂಚನ್ನೆತ್ತಿದಳು. ಮರಿಗಳು ತಾವಾಗಿಯೇ ಒಳಗೆ ನುಗ್ಗಿ ರೆಕ್ಕೆಯಡಿ ಮಾಯವಾದವು. ಮೂಕಮ್ಮ ಬೈಗುಳಕ್ಕಾಗಿ ಕಾದು ನಿಂತಳು; ಬೈದರೆ ಹಗುರಾಗಬಹುದಿತ್ತು. ಅಮೀರ್ ಬೀ ಗಾದಿ ಹೊಲಿಯುವ ಬಿಳಿ ದಾರದ ಉಂಡೆಯನ್ನು ತೆಗೆದು ಎಳೆ ಹರಿದು, ಒಂದೊಂದಾಗಿ ನಾಲ್ಕು ಮರಿಗಳನ್ನು ಹೊರತೆಗೆದು ಕಾಲಿಗೆ ಕಟ್ಟಿದಳು.

"ಇವು ನಿನ್ನ ಪಾಲು. ಮಾತು ಆಗಿತ್ತು. ತಾಯಿ ಬಿಡಾತನಕ ಇಲ್ಲೇ ಇರಲಿ. ಗುರುತು ಇರಲಿ ಅಂತ ಕಟ್ಟೀನಿ," ಎಂದಳು. "ಎರಡೂ ಕಡಿ ನಂಬಿಕಿ ಇರಬೇಕಲ್ಲ."

ಮೂಕಮ್ಮ ನ್ಯಾಯವಾಗಿ ಬರುತ್ತಿದ್ದುದನ್ನೇ ಕಳವಿನಿಂದ ಪಡೆಯಹೋಗಿದ್ದಳು. ಈಗ ಅದು ನ್ಯಾಯವಾಗಿಯೇ ಬಂದಿತ್ತು. ಮುಟ್ಟಲು ಮಾತ್ರ ಕೈ ಬರಲಿಲ್ಲ.

ಮಾರ್ಗಶಿರದ ಒಂದು ಬೆಳಗ್ಗೆ ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಓಣಿಯ ಮೇಲೊಂದು ನೆರಳು ಹಾಯಿತು. ಕೆಂಪಿ ಚೀರಿತು, ಮರಿಗಳು ಬಂಡಿಯ ಅಡಿಗೆ ಓಡಿದವು. ಒಂದು ಹಿಂದುಳಿಯಿತು. ಹದ್ದು ಎರಗಿ ಎತ್ತಿಕೊಂಡು ಮಾಳಿಗೆಗಳ ಮೇಲೆ ಏರಿದಾಗ, ಅದರ ಉಗುರಿನಿಂದ ತೂಗುತ್ತಿದ್ದ ಮರಿಯ ಕಾಲಿನಲ್ಲಿ ದಾರದ ಮಾಸಿದ ಎಳೆ ಬಿಸಿಲಿನಲ್ಲಿ ಅಲುಗಿತು. ಮೂಕಮ್ಮ ಅದನ್ನು ಕಣ್ಣಾರೆ ಕಂಡಳು.

ಮಧ್ಯಾಹ್ನ ಅಮೀರ್ ಬೀ ಬಾಗಿಲಿಗೆ ಬಂದಳು. "ಹದ್ದು ಬಂದಿತ್ತು, ನೋಡಿದೇನು?"

"ನೋಡಿದೆ."

"ನಂದೊಂದು ಹೋತು."

"ಅದರ ಕಾಲಾಗ ದಾರ ಇತ್ತು ಅಮೀರವ್ವಾ. ನಾ ನೋಡೀನಿ."

"ನಂದೇ ಹೋತು. ನಿನ್ನವು ನಾಕೂ ಅದಾವ, ಬಂದು ನೋಡಿಕೋ," ಎಂದಳು ಅಮೀರ್ ಬೀ. ಹೊರಟವಳು ತಿರುಗಿ ನಿಂತು, "ನಂದು ಹೋಗೂದು ನನಗ ರೂಢಿ ಆಗ್ಯದ," ಎಂದಳು.

ಹೊತ್ತು ಇಳಿಯುವಾಗ ಮೂಕಮ್ಮ ಹಿಡಿ ನುಚ್ಚು ತೆಗೆದುಕೊಂಡು ಓಣಿ ದಾಟಿದಳು. ಗೋಣಿತಟ್ಟಿನ ಮುಂದೆ ಕೆಂಪಿ ಮಣ್ಣು ಕೆದರುತ್ತಿತ್ತು, ಸುತ್ತ ಮರಿಗಳು. ದಾರ ಕಟ್ಟಿದ ಕಾಲುಗಳು ನಾಲ್ಕೂ ಇದ್ದವು. ಮೂರರ ದಾರ ಧೂಳಿಗೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯದು ಆಗಷ್ಟೇ ಹಿಂಜಿದ ಅರಳೆಯಂತೆ ಬೆಳ್ಳಗಿತ್ತು. ಗಂಟಿನ ತುದಿಯನ್ನು ಇನ್ನೂ ಕತ್ತರಿಸಿರಲಿಲ್ಲ.

ಮರಿಗಳು ಬಂದು ಅವಳ ಕಾಲ ಸುತ್ತ ನೆರೆದವು. ಹಿಡಿಯೊಳಗೆ ನುಚ್ಚು ಬೆವರಿಗೆ ತೊಯ್ದು ಅಂಟಿಕೊಂಡಿತ್ತು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.