ಒಂಬತ್ತರ ಮಗ್ಗಿ

ಮಲ್ಲಿಕಾರ್ಜುನರ ಹಳೇ ಕಾರಿಗೆ ಹೊಸ ಸ್ಟೀರಿಯೋ ಬಂದದ್ದು ಅಳಿಯನಿಂದ. ಹಡಗಿನ ಕಂಪನಿಯಲ್ಲಿದ್ದ ಹೇಮಂತ ಅಮೆರಿಕದ ಯಾವುದೋ ಬಂದರಿನಲ್ಲಿ ಕೊಂಡು ತಂದಿದ್ದ. ಕಾರಿಗಿಂತ ಸ್ಟೀರಿಯೋನೇ ಚೆಂದ ಎಂದು ಹೈದರಾಬಾದಿನ ಮಿಯಾಪುರದ ಅಪಾರ್ಟ್‌ಮೆಂಟಿನ ಕಾವಲುಗಾರನೂ ಹೇಳಿದ. ಮಲ್ಲಿಕಾರ್ಜುನರಿಗೆ ಅದು ಹೊಗಳಿಕೆಯೋ ಚುಚ್ಚುಮಾತೋ ತಿಳಿಯಲಿಲ್ಲ.

ಅವರಿಗೆ ಆ ಸ್ಟೀರಿಯೋದಿಂದ ಆಗಬೇಕಾಗಿದ್ದುದು ಒಂದೇ ಕೆಲಸ. ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಕಲಬುರಗಿ ಆಕಾಶವಾಣಿ ಕೇಳಬೇಕು. ಹೆಂಡತಿ ಶಿವದೇವಿ ಹೋದ ತಿಂಗಳು ಕಲಬುರಗಿಗೆ, ತಂಗಿ ಗೋದಾಬಾಯಿಯ ಮನೆಗೆ ಹೋಗಿದ್ದಾಗ ಮಹಿಳೆಯರ ಕಾರ್ಯಕ್ರಮಕ್ಕೆ ಒಡಪು ಹೇಳಿ ಬಂದಿದ್ದರು. ಒಡಪು ಅಂದರೆ ಪ್ರಾಸ ಕಟ್ಟಿದ ಪದ್ಯ, ಅದರಲ್ಲಿ ಗಂಡನ ಹೆಸರು ಇರಲೇಬೇಕು. ಉಳಿದ ದಿನ ಆ ಹೆಸರನ್ನು ಹೆಂಡತಿ ನಾಲಿಗೆಯ ಮೇಲೆ ತರುವುದಿಲ್ಲ.

"ಏನ್ ಹೇಳಿ ಬಂದಿ, ಸ್ವಲ್ಪ ಹೇಳು" ಎಂದು ಇವರು ವಾರವಿಡೀ ಗಂಟುಬಿದ್ದರು.

"ರೇಡಿಯೋದಾಗ ಬರತೈತಿ, ಕೇಳ್ರಿ. ನಿಮ್ಮ ಮುಂದ ಹೆಂಗ ಹೇಳ್ಲಿ?" ಎಂದು ಶಿವದೇವಿ ಮುಖ ತಿರುಗಿಸಿ ನಕ್ಕರು.

ಮದುವೆಯ ದಿನ ಒಮ್ಮೆ ಹೇಳಿದ್ದರಂತೆ. ಬ್ಯಾಂಡಿನವರ ಗದ್ದಲದಲ್ಲಿ ಮದುಮಗನಿಗೆ ಒಂದಕ್ಷರ ಕೇಳಿಸಲಿಲ್ಲ. ಮೂವತ್ತಾರು ವರ್ಷ ಆ ಮಾತು ಇವರನ್ನೇನೂ ಕಾಡಿರಲಿಲ್ಲ. ಆದರೆ ಅವ್ವ ಹೋದಳು, ಅಣ್ಣ ಹೋದ. ಆಫೀಸಿನಲ್ಲಿ ಸಾರ್ ಆಗಿದ್ದವರು ನಿವೃತ್ತಿಯಾದ ಮೇಲೆ ಅಂಕಲ್ ಆದರು. ಹೆಸರು ಹಿಡಿದು ಕರೆಯುವವರು ಈ ಊರಲ್ಲಿ ಯಾರೂ ಉಳಿದಿರಲಿಲ್ಲ. ಪಿಂಚಣಿ ಕಾಗದದ ಮೇಲಷ್ಟೇ ಇದ್ದ ಆ ಹೆಸರನ್ನು ಯಾರ ಬಾಯಲ್ಲಾದರೂ ಕೇಳಬೇಕೆಂಬ ಆಸೆ ಹುಟ್ಟಿತ್ತು, ಅದರಲ್ಲೂ ಇವಳ ಬಾಯಲ್ಲಿ.

ಕಲಬುರಗಿ ಸಿಗುವುದು ಒಂದು ಸಾವಿರದ ನೂರಾ ಏಳು ಕಿಲೋಹರ್ಟ್ಸ್‌ನಲ್ಲಿ. ಇವರು ಗುಂಡಿ ಒತ್ತಿದರೆ ಸ್ಟೀರಿಯೋ ಸಾವಿರದ ನೂರಕ್ಕೆ ನಿಲ್ಲುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಸಾವಿರದ ನೂರಾ ಹತ್ತಕ್ಕೆ ಜಿಗಿಯುತ್ತಿತ್ತು. ನಡುವೆ ನಿಲ್ಲಲು ಸುತರಾಂ ಒಪ್ಪದು. ಹತ್ತರ ಮೇಲೆ ನಿಂತರೆ ಬರೀ ಸಿಳ್ಳೆ, ಅದರ ಹಿಂದೆ ಬಾಯಿಗೆ ಬಟ್ಟೆ ತುರುಕಿದಂತೆ ಯಾರದೋ ಮಾತು. ಮೊಬೈಲಿನಲ್ಲಿ ಆ ಕೇಂದ್ರ ಸಿಗುತ್ತಿಲ್ಲವೆಂದು ಮಗಳು ರಶ್ಮಿ ಹುಡುಕಿ ಹೇಳಿದ್ದಳು. ಸೋಮವಾರ ಸಂಜೆಯವರೆಗೂ ಮಲ್ಲಿಕಾರ್ಜುನರು ಆ್ಯಂಟೆನಾವನ್ನು ಬೈದರು, ಮೋಡವನ್ನು ಬೈದರು, ಕೊನೆಗೆ ಕಲಬುರಗಿಯನ್ನೇ ಬೈದರು. ಅಳಿಯನ ಸ್ಟೀರಿಯೋವನ್ನು ಬೈಯಲು ಮಾತ್ರ ಮನಸ್ಸಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಸ್ಟೀರಿಯೋ ತೋರಿಸಲೆಂದು ಕಾರು ತೆಗೆದುಕೊಂಡು ಕೋಠಿ ಪೇಟೆಗೆ ಹೊರಟರು. ಕುಪ್ಪಸದ ಬಟ್ಟೆ ನೋಡುವ ನೆಪದಲ್ಲಿ ಶಿವದೇವಿಯೂ ಹತ್ತಿ ಕುಳಿತರು. ಬಸ್ಸು, ಆಟೋಗಳ ನಡುವೆ ನುಸುಳಿ ಗಲ್ಲಿ ಸೇರುವಷ್ಟರಲ್ಲಿ ಹನ್ನೊಂದಾಗಿತ್ತು. ರಿಪೇರಿ ಅಂಗಡಿಯ ಭೀಮಾಶಂಕರ ಬೀದರಿನವನು. ಗುಂಡಿಯನ್ನು ಎರಡು ಸಲ ಒತ್ತಿ ನೋಡಿದವನೇ ನಕ್ಕುಬಿಟ್ಟ.

"ಕಾಕಾ, ಇದು ಕೆಟ್ಟಿಲ್ರಿ. ಅಮೆರಿಕಾದಾಗ ಸ್ಟೇಷನ್ ಹತ್ಹತ್ತು ಬಿಟ್ಟು ಇರ್ತಾವ. ನಮ್ಮಲ್ಲಿ ಒಂಬತ್ತೊಂಬತ್ತು ಬಿಟ್ಟು. ಇದು ಹತ್ತರ ಮಗ್ಗಿ ಕಲತು ಬಂದೈತಿ. ಅದರಾಗ ನಿಮ್ಮ ಕಲಬುರಗಿ ಹೆಂಗ ಬರತೈತಿ?"

ಲೆಕ್ಕಪತ್ರ ಇಲಾಖೆಯಲ್ಲಿ ಜೀವ ಸವೆಸಿದ ಮಲ್ಲಿಕಾರ್ಜುನರು ಅಲ್ಲೇ ಮನಸ್ಸಿನಲ್ಲಿ ಭಾಗಿಸಿದರು. ಒಂಬತ್ತರ ಮಗ್ಗಿಯಲ್ಲಿ ನೂರಾ ಇಪ್ಪತ್ತಮೂರಲೆ ಸಾವಿರದ ನೂರಾ ಏಳು. ಶೇಷವಿಲ್ಲ. ಇಷ್ಟು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಭೀಮಾಶಂಕರ ಸ್ಟೀರಿಯೋ ಹೊರಗೆಳೆದು, ತಳದಲ್ಲಿದ್ದ ಉಗುರಿನಷ್ಟು ಚಿಕ್ಕ ಸ್ವಿಚ್ಚನ್ನು ಪಿನ್ನಿನಿಂದ ಆಚೆ ತಳ್ಳಿದ. "ಈಗ ಒಂಬತ್ತರ ಮಗ್ಗಿಗೆ ಬಂತು ನೋಡ್ರಿ. ಆದ್ರ ಈ ಗಲ್ಲ್ಯಾಗ ಕೇಳಬ್ಯಾಡ್ರಿ, ಕರೆಂಟಿನ ವೈರ್ ಭಾಳ ಅದಾವ. ಬಯಲು ಜಾಗ ನೋಡಿ ನಿಲ್ಲಸ್ರಿ."

ಬಯಲು ಅಂದರೆ ಇವರಿಗೆ ನೆನಪಾದದ್ದು ಬೇಗಂಪೇಟೆಯ ಹಳೇ ವಿಮಾನ ನಿಲ್ದಾಣದ ಕಡೆ. ಕುಪ್ಪಸದ ಬಟ್ಟೆ ಹಾಗೇ ಉಳಿಯಿತು. ಕಂಪೌಂಡಿನ ಪಕ್ಕ ಕಾರು ನಿಲ್ಲಿಸಿದಾಗ ಹನ್ನೆರಡು ಇಪ್ಪತ್ತೈದು. ಎಂಜಿನ್ ಆರಿಸಿ ಗುಂಡಿ ಒತ್ತಿದರು. ಸಾವಿರದ ತೊಂಬತ್ತೆಂಟು. ಇನ್ನೊಮ್ಮೆ ಒತ್ತಿದರು. ಸಾವಿರದ ನೂರಾ ಏಳು. ಕರಕರ ಸದ್ದಿನ ನಡುವೆ ತಮ್ಮೂರಿನ ಕನ್ನಡ ಕೇಳಿ ಬಂತು.

ಮೊದಲು ಗೋದಾಬಾಯಿಯ ಹಾಡು. ಆಮೇಲೆ ನಿರೂಪಕಿ, ಹೈದರಾಬಾದಿನಿಂದ ಬಂದ ಅಕ್ಕನವರು ಈಗ ಒಡಪು ಹೇಳುತ್ತಾರೆ ಎಂದಳು. ಪಕ್ಕದ ಸೀಟಿನಲ್ಲಿ ಶಿವದೇವಿ ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ಸ್ಟೀರಿಯೋದೊಳಗಿನ ಶಿವದೇವಿ ಸ್ವಲ್ಪವೂ ತಡವರಿಸಲಿಲ್ಲ.

"ಕೋಠ್ಯಾಗ ಕೊಡಿಸಿದ್ರು ಹಸರ ಬಳಿ, ಬೇಗಂಪೇಟ್ಯಾಗ ಹಿಡೀತು ದೊಡ್ಡ ಮಳಿ, ನನಗ ಛತ್ರಿ ಹಿಡದು ತಾವು ತೊಯ್ಸಿಕೊಂಡ್ರು, ಮಲ್ಲಿಕಾರ್ಜುನರೇ ನನ್ನ ಬಾಳಿನ ಕಳಿ."

ಅಲ್ಲಿ ಹೆಂಗಸರು ಚಪ್ಪಾಳೆ ತಟ್ಟಿದರು. ಮಲ್ಲಿಕಾರ್ಜುನರು ರೇಡಿಯೋ ಆರಿಸಿದರು. ಹೆಸರು ಕೇಳಿ ಹಿಗ್ಗುತ್ತೇನೆ ಅಂದುಕೊಂಡಿದ್ದರು. ಆದರೆ ಮನಸ್ಸು ನಿಂತದ್ದು ಮಳೆಯ ಮಾತಿನ ಮೇಲೆ. ಮದುವೆಯಾದ ವರ್ಷ ಇದೇ ಬೇಗಂಪೇಟೆಯ ಬಾಡಿಗೆ ಮನೆಗೆ ಆ ಮಳೆಯಲ್ಲಿ ನಡೆದು ಬಂದದ್ದು ಅವರಿಗೆ ಮರೆತೇ ಹೋಗಿತ್ತು.

"ಕೇಳಿದ್ರಲ್ಲ, ಈಗ ನೀವು ಹೇಳ್ರಿ ನನ್ನ ಹೆಸರು" ಎಂದರು ಶಿವದೇವಿ, ಸೆರಗಿನೊಳಗಿಂದಲೇ.

ಹೌದಲ್ಲ! ಮೂವತ್ತಾರು ವರ್ಷ ಇವರು ಕರೆದದ್ದು "ಏ ಇಲ್ನೋಡು", "ಕೇಳಸ್ತೇನ". ಹೆಂಡತಿಯ ಬಾಯಿಂದ ತನ್ನ ಹೆಸರು ಬೇಕೆಂದು ಊರೆಲ್ಲ ಸುತ್ತಿದ ಮನುಷ್ಯನಿಗೆ ಅವಳನ್ನು ತಾನೂ ಎಂದೂ ಹೆಸರು ಹಿಡಿದು ಕರೆದಿಲ್ಲವೆಂಬುದು ಈಗ ತಿಳಿಯಿತು. ಬಾಯಿ ತೆರೆದರು. ಶಿವದೇವಿ ತಡೆದರು.

"ಹಂಗ ಬರೇ ಹೆಸರು ನಡಿಯಂಗಿಲ್ರಿ. ಒಡಪಿನ್ಯಾಗ ಹೇಳಬೇಕು."

ಲೆಕ್ಕದ ಮನುಷ್ಯನಿಗೆ ಒಡಪು ಎಲ್ಲಿಂದ ಬರಬೇಕು? ಬೆಳಗಿನಿಂದ ತಲೆಯಲ್ಲಿ ತಿರುಗುತ್ತಿದ್ದುದನ್ನೇ ಹಿಡಿದುಕೊಂಡರು.

"ಒಂಬತ್ತೊಂದಲೆ ಒಂಬತ್ತು, ಒಂಬತ್ತೆರಡಲೆ ಹದಿನೆಂಟು... ಶಿವದೇವಿ ಕೂಡ ನಂದು ಮುಗೀದ ನಂಟು."

ಶಿವದೇವಿ ಕಾರು ಅಲುಗುವಂತೆ ನಕ್ಕರು. ನಗುನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ಗಂಡನ ಕಿಸೆಯಿಂದ ಮೊಬೈಲು ತೆಗೆದು ಅವರ ಕೈಗಿಟ್ಟರು.

"ಇದರಾಗ ನನ್ನ ನಂಬರಿಗೆ 'ಮನಿ' ಅಂತ ಬರದೀರಿ. ಅದನ್ನ ಮೊದಲ ತಿದ್ರಿ."

ಮಲ್ಲಿಕಾರ್ಜುನರು ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ಒತ್ತತೊಡಗಿದರು.