ಟುವಾಲಿನ ಕೆಳಗಿನ ಮಾತು

ಲಿಂಗಸುಗೂರಿನ ಕಚೇರಿಯ ಮುಂದಿನ ಬೇವಿನ ಮರದಡಿ ಹದಿನೆಂಟು ವರ್ಷ ಅರ್ಜಿ ಬರೆದವನು ನಾನು, ಜಂಬಣ್ಣ. ಜನ ಕನ್ನಡದಲ್ಲಿ ಅತ್ತದ್ದನ್ನು ಕಚೇರಿಯ ಉರ್ದುವಿಗೆ ಇಳಿಸುವುದು ನನ್ನ ಕಸುಬು. ಕಾನೂನೆಲ್ಲ ನನಗೆ ಗೊತ್ತು ಎಂಬ ಸೊಕ್ಕೂ ಇತ್ತು. ಆ ಸೊಕ್ಕನ್ನು ಇಳಿಸಿದವಳು ಮಸ್ಕಿಯ ಗದ್ದೆಮ್ಮ.

ಅವಳ ಮಗಳು ಯಂಕಮ್ಮ ಮುಂಬೈಯ ಒಬ್ಬ ಸೇಠನ ಮನೆಗೆ ಕಸ ಮುಸುರೆಯ ಕೆಲಸಕ್ಕೆಂದು ಹೋಗಿದ್ದಳು. ಕಳಿಸಿದವನು ಮಸ್ಕಿ ದನದ ಸಂತೆಯ ದಲ್ಲಾಳಿ ದೊಡ್ಡಬಸಪ್ಪ. ಯುಗಾದಿಗೆ ಕರೆದು ತರುತ್ತೇನೆ ಎಂದಿದ್ದ. ಯುಗಾದಿ ಹೋಗಿ ದಸರೆ ಬಂತು, ಹುಡುಗಿ ಬರಲಿಲ್ಲ. ಅಲ್ಲಿನ ಗಿರಣಿಯಲ್ಲಿ ದುಡಿಯುವ ನಮ್ಮ ಕಡೆಯವನೊಬ್ಬ ಊರಿಗೆ ಬಂದು ಸುದ್ದಿ ಹೇಳಿದ. ಅವಳನ್ನು ಹೊರಗೆ ಬಿಡುತ್ತಿಲ್ಲವಂತೆ, ಕೈಗೆ ಬರೆ ಎಳೆದಿದ್ದಾರಂತೆ. ಕಿಟಕಿಯಿಂದ ಊರಿನ ಹೆಸರು ಹೇಳಿ ಕೂಗಿದಳಂತೆ.

ಮರುದಿನವೇ ಗದ್ದೆಮ್ಮ ಮಸ್ಕಿಯಿಂದ ನಡೆದು ಬಂದು ನನ್ನ ಮುಂದೆ ಕೂತಳು.

"ಬರಕೋರಿ. ದೊಡ್ಡಬಸಪ್ಪ ಕರಕೊಂಡು ಹೋಗ್ಯಾನ, ದೊಡ್ಡಬಸಪ್ಪನೇ ಆಕಿನ್ನ ತಂದು ಬಿಡಬೇಕು."

ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಸದರಿ ಮನೆ ನಮ್ಮ ಸರಕಾರದ ಸರಹದ್ದಿನಾಚೆ, ಅಂಗ್ರೇಜರ ಮುಲ್ಕಿನಲ್ಲಿದೆ, ದಲ್ಲಾಳಿ ಮನೆ ತೋರಿಸಿಕೊಟ್ಟವನು ಮಾತ್ರ, ಕರಾರುಪತ್ರ ಇಲ್ಲ, ಅರ್ಜಿ ಖಾರಿಜು, ವಜಾ. ಓದಿ ಹೇಳಿ, ಕಾನೂನು ಹಂಗೈತಿ ಎಂದು ದೊಡ್ಡ ಮನುಷ್ಯನಂತೆ ಸೇರಿಸಿದೆ.

ಗದ್ದೆಮ್ಮ ಎದ್ದು ಹೋಗಲಿಲ್ಲ.

"ಮಾರಿದ ಎತ್ತು ಹೊಸಾ ಗೂಟಕ್ಕ ಒಗ್ಗಲಿಲ್ಲಂದ್ರ ದಲ್ಲಾಳಿನೇ ಹೋಗಿ ಹೊಡಕೊಂಡು ಬರ್ತಾನಲ್ರೀ?"

"ಅದು ಸಂತಿ ಕಟ್ಟಳಿ ಬೇ. ಟುವಾಲಿನ ಕೆಳಗ ಬೆರಳು ಹಿಡಿದು ಬೆಲಿ ಕುದುರಿಸಿ ಆದ ಮಾತಿಗೆ ಮಾತ್ರ ದಲ್ಲಾಳಿ ಹೊಣಿ. ಬಾಯಿಮಾತಿಗಲ್ಲ."

"ನನ್ನ ಮಗಳ ಮಾತೂ ಟುವಾಲಿನ ಕೆಳಗ ಆಗೈತ್ರಿ."

ನಾನು ನಕ್ಕೆ. ಅವಳು ನಗಲಿಲ್ಲ. ಸೇಠನ ಗುಮಾಸ್ತ ಹುಡುಗಿ ಬೇಕೆಂದು ಸಂತೆಗೇ ಬಂದಿದ್ದನಂತೆ. ಪಗಾರದ ಮಾತು ಬಂದಾಗ ದೊಡ್ಡಬಸಪ್ಪ, ಮೂವತ್ತು ವರ್ಷದ ರೂಢಿ ನೋಡಿ, ಹೆಗಲ ಮೇಲಿನ ಟುವಾಲು ಎಳೆದು ಇಬ್ಬರ ಕೈ ಮೇಲೂ ಹಾಕಿಕೊಂಡು ಬೆರಳು ಮುಟ್ಟಿಸಿದನಂತೆ. ಸಂತೆಯ ಹಿರಿಯ ಮೌಲಾಸಾಬ್ ಪಕ್ಕದಲ್ಲೇ ಇದ್ದನಂತೆ.

"ಅವತ್ತು ಹೊಟ್ಟಿಯೊಳಗ ಬೆಂಕಿ ಬಿದ್ದಿತ್ರಿ, ನನ್ನ ಮಗಳನ್ನ ದನ ಮಾಡಿದ ಅಂತ," ಎಂದಳು. "ಇವತ್ತು ಅದೇ ಬೇಕಾಗೈತಿ."

ಮುಂದಿನ ಸಂತೆಗೆ ನಾನೂ ಹೋದೆ. ಸುಳ್ಳು ಯಾಕೆ ಹೇಳಲಿ, ತಮಾಷೆ ನೋಡಲು ಹೋದೆ. ದೊಡ್ಡಬಸಪ್ಪ ಸಾಲಗುಂದದ ಒಬ್ಬ ರೈತನ ಜೊತೆ ಟುವಾಲಿನ ಕೆಳಗೆ ವ್ಯವಹಾರ ನಡೆಸಿದ್ದ. ಗದ್ದೆಮ್ಮ ನೇರ ಹೋಗಿ ಟುವಾಲು ಎಳೆದಳು. ಇಬ್ಬರ ಬೆರಳೂ ಬಯಲಿಗೆ ಬಿದ್ದವು. ಹೊಲೆಗೇರಿಯ ಹೆಂಗಸು ದಲ್ಲಾಳಿಯ ಟುವಾಲಿಗೆ ಕೈ ಹಾಕಿದ್ದನ್ನು ಮಸ್ಕಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ಏನಬೇ, ಸೊಕ್ಕು ಬಂದೈತೇನು?"

"ಬಂದೈತ್ರಿ ಸಾವ್ಕಾರ. ಇದರ ಕೆಳಗ ನನ್ನ ಮಗಳ ಮಾತಾಗೈತಿ. ಆಕಿ ಆ ಗೂಟಕ್ಕ ಒಗ್ಗಿಲ್ಲ. ತಂದು ಬಿಡ್ರಿ."

"ನಾ ಮನಿ ತೋರಿಸಿದವ. ಮುಂದಿನದು ನನಗ ಸಂಬಂಧಿಲ್ಲ. ದನದ ಕಟ್ಟಳಿ ಮನಷ್ಯಾರಿಗೆ ಹತ್ತತೈತೇನು?"

"ಹತ್ತೂದಿಲ್ಲಂದ್ರ ಟುವಾಲು ಯಾಕ ಹಾಕಿದ್ರಿ?"

ಅವನು ಮೌಲಾಸಾಬನ ಮುಖ ನೋಡಿದ. ಮುದುಕ ಗಡ್ಡ ನೀವಿಕೊಂಡು ನಿಧಾನಕ್ಕೆ ಹೇಳಿದ: "ನಾ ಕಂಡೀನಿ ದೊಡ್ಡಬಸಪ್ಪ. ಟುವಾಲು ಹಾಕಿದ್ದು ಖರೆ. ಹುಡುಗಿ ಬರೂತನಕ ನೀ ಹೊಸಾದು ತಂದು ಹಾಕಿದ್ರೂ ಅದರ ಕೆಳಗ ಯಾರೂ ಕೈ ಇಡೂದಿಲ್ಲ."

ಸಾಲಗುಂದದ ರೈತ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡ. ಗದ್ದೆಮ್ಮ ಎಳೆದುಕೊಂಡ ಟುವಾಲನ್ನು ಉಡಿಗೆ ಕಟ್ಟಿಕೊಂಡಳು. ನಾನು ಬರೆದ ಯಾವ ಅರ್ಜಿಗೂ ಅಷ್ಟು ಬೇಗ ತೀರ್ಪು ಬಂದದ್ದಿಲ್ಲ. ನನಗೆ ನಾಚಿಕೆಯಾಯಿತು.

ದೊಡ್ಡಬಸಪ್ಪ ಮೂರು ಸಂತೆ ತಡೆದ. ಒಂದು ಕರು ಕೂಡ ಅವನ ಕೈಯಿಂದ ಮಾರಾಟವಾಗಲಿಲ್ಲ. ನಾಲ್ಕನೆಯ ವಾರ ಬರಿ ಹೆಗಲಲ್ಲಿ ರಾಯಚೂರಿಗೆ ಹೋಗಿ ರೈಲು ಹತ್ತಿದ. ತಿಂಗಳೊಪ್ಪತ್ತಿನ ಮೇಲೆ, ಸಂತೆಯ ದಿನವೇ, ಎಲ್ಲರೂ ನೋಡಲೆಂದು ಯಂಕಮ್ಮನನ್ನು ಬಂಡಿಯಿಂದ ಇಳಿಸಿದ. ಹುಡುಗಿ ಬಡಕಲಾಗಿದ್ದಳು. ಗದ್ದೆಮ್ಮ ಅವಳ ಎರಡೂ ಕೈ ಬಿಡಿಸಿ ನೋಡಿ, ಬರೆಗಳ ಮೇಲೆ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ.

ದೊಡ್ಡಬಸಪ್ಪ ಕೈ ಚಾಚಿದ. "ಮಗಳು ಬಂದ್ಲಲ್ಲ. ಟುವಾಲು ಕೊಡು."

ಗದ್ದೆಮ್ಮ ಉಡಿಯಿಂದ ಟುವಾಲು ತೆಗೆದಳು. ಯಂಕಮ್ಮ ಅವ್ವನ ಕೈ ಹಿಡಿದಳು.

"ಯವ್ವಾ, ಗುರುಗುಂಟಾದ ಆದಮ್ಮ ಪಕ್ಕದ ಮನಿಯೊಳಗ ಅದಾಳ. ಆಕಿನ್ನೂ ಅಲ್ಲಿ ಇವರೇ ಬಿಟ್ಟು ಬಂದಾರ. ನಾ ಹೊರಟಾಗ ಕಿಟಕಿ ಸರಳು ಹಿಡಕೊಂಡು ನಿಂತಿದ್ಲು."

"ಆಕಿದು ಟುವಾಲಿನ ಕೆಳಗ ಆಗಿಲ್ಲ," ಎಂದ ದೊಡ್ಡಬಸಪ್ಪ ಥಟ್ಟನೆ. "ಬರೇ ಬಾಯಿಮಾತು."

ಗದ್ದೆಮ್ಮ ಕಣ್ಣೊರೆಸಿಕೊಂಡಳು.

"ನನ್ನ ಮಗಳು ದನ ಆದದ್ದಕ್ಕ ತಿರುಗಿ ಬಂದ್ಲು. ಆದಮ್ಮ ಮನಷ್ಯಾಳು ಅನ್ನೂ ತಪ್ಪಿಗೆ ಅಲ್ಲೇ ಸಾಯಬೇಕೇನ್ರಿ?"

ಟುವಾಲು ಮತ್ತೆ ಉಡಿ ಸೇರಿತು. ದೊಡ್ಡಬಸಪ್ಪ ಮೌಲಾಸಾಬನ ಕಡೆ ತಿರುಗಿದ. ಮುದುಕ ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವನನ್ನು ನೋಡಿ ಉಳಿದವರೂ ಹಾಗೆಯೇ ಕಟ್ಟಿಕೊಂಡರು.

ಮರುದಿನ ಗದ್ದೆಮ್ಮನ ಜೊತೆ ನಾನೂ ಗುರುಗುಂಟಾಕ್ಕೆ ಹೋದೆ. ಆದಮ್ಮನ ತಾಯಿ ಪಕೀರಮ್ಮ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಳು. ನನ್ನ ಕಂಡು ಗಾಬರಿಯಾಗಿ, ಅರ್ಜಿ ಬರೆಯಲು ಬಂದಿರೇನು ಎಂದು ಕೇಳಿದಳು. ಗದ್ದೆಮ್ಮ ಅವಳ ಸಗಣಿ ಕೈಗೇ ಟುವಾಲು ಇಟ್ಟಳು.

"ಇದೇನಬೇ?"

"ನಿನ್ನ ಮಗಳ ಕರಾರುಪತ್ರ," ಎಂದಳು ಗದ್ದೆಮ್ಮ. "ಆಕಿ ಬಂದು ನಿನ್ನ ಮುಂದ ನಿಂದ್ರೂತನಕ ಯಾರಿಗೂ ಕೊಡಬ್ಯಾಡ."