ಬೆರಳು ತಾಳುವಷ್ಟು ಬಿಸಿ

೧.
ಎಲ್ಲಿಂದ ಶುರು ಮಾಡಲಿ? ಸಾಮ್ರಾಜ್ಯದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಯೀಸ್ಟಿನಿಂದ ಶುರು ಮಾಡಿದರೆ ಅಡುಗೆ ಅಂಕಣ ಅಂದುಕೊಳ್ಳುತ್ತೀರಿ. ನನಗೋ ಎರಡೂ ಬೇಕು. ಆಗಲೇ ನಾಲ್ಕು ಡ್ರಾಫ್ಟ್ ಹರಿದು ಹಾಕಿದ್ದೇನೆ. ಮೊದಲನೆಯದು ಹೀಗಿತ್ತು: "ವೋರ್ಸ್ಕ್ಲ ನದಿಯ ಮೇಲೆ ಮಂಜು ಮುಸುಕಿತ್ತು." (ಮುಸುಕಿರಲಿ. ಅದರಿಂದ ಯಾರಿಗೇನು?)

೨.
ಸರಿ, ಜನರಿಂದಲೇ ಶುರು ಮಾಡುತ್ತೇನೆ. ೧೮೮೩ರ ವಸಂತ. ಉಕ್ರೇನಿನ ಪೊಲ್ತಾವ ಸೀಮೆಯ ಒಂದು ಸಣ್ಣ ಪಟ್ಟಣ. ಈ ಕಾಲದ ನಾನು ಹತ್ತೊಂಬತ್ತು ವರ್ಷದಿಂದ ಮನೆಅಳಿಯನಾಗಿ ಬಿದ್ದಿರುವುದೂ ಇದೇ ಪಟ್ಟಣದಲ್ಲಿ. ಸಾರಾಯಿ ಕಾರ್ಖಾನೆಗೆ ಅಂಟಿಕೊಂಡಂತೆ ಒಂದು ಯೀಸ್ಟ್ ಶೆಡ್ಡು. ಹುದುಗಿದ ಗಂಜಿಯ ಮೇಲೆ ಉಕ್ಕುವ ನೊರೆಯನ್ನು ಬಳಿದು, ತಣ್ಣೀರಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ಬೆಣ್ಣೆಯ ಹಾಗೆ ಕತ್ತರಿಸುತ್ತಾರೆ. ಕತ್ತರಿಸಿದ್ದನ್ನು ಕಾಗದದಲ್ಲಿ ಸುತ್ತುವವಳು ಲುಕೇರ. ಶೆಡ್ಡಿನ ಮೇಸ್ತ್ರಿ ಯೂಖಿಮ್. ಅವನಿಗೆ ಹಗಲು ಯೀಸ್ಟ್, ಸಂಜೆ ತಾಯ್ನಾಡು. ಗೆಳೆಯರನ್ನು ಕೂರಿಸಿಕೊಂಡು, ತಮ್ಮ ಉಕ್ರೇನಿ ಭಾಷೆಯಲ್ಲಿ ಅಚ್ಚು ಹಾಕಬೇಕಾದ ಪುಸ್ತಕಗಳ ಪಟ್ಟಿ ಮಾಡುತ್ತಾನೆ. ತ್ಸಾರ್ ಆ ಭಾಷೆಯಲ್ಲಿ ಅಚ್ಚನ್ನೇ ನಿಷೇಧಿಸಿ ಏಳು ವರ್ಷವಾಗಿದೆ.

ಹೋದ ವರ್ಷ ಈಸ್ಟರಿಗೆ ಲುಕೇರ ಬೇಯಿಸಿದ ಪಾಸ್ಕ, ಅಂದರೆ ಹಬ್ಬದ ಎತ್ತರದ ಸಿಹಿ ರೊಟ್ಟಿ, ನಡುವೆ ಕುಸಿದುಹೋಯಿತು. ಪಾಸ್ಕ ಕುಸಿದ ಮನೆಯಲ್ಲಿ ವರ್ಷದೊಳಗೆ ಸಾವು ಅನ್ನುತ್ತಾರೆ ಇಲ್ಲಿ. ಕೊಯ್ಲಿನ ಹೊತ್ತಿಗೆ ಅವಳ ಹಿರಿಮಗಳು ಗಂಟಲುಮಾರಿಯಿಂದ ತೀರಿಕೊಂಡಳು. (ಹೆಸರು ಬರೆಯಲು ಹೋದೆ. ಲುಕೇರ ಪೆನ್ನು ಹಿಡಿದುಕೊಂಡಳು. "ಅವಳ ಹೆಸರು ಬೇಡ." ಹಾಗಾಗಿ ಇಲ್ಲ.)

ಈಗ ಮತ್ತೆ ಈಸ್ಟರ್. ಉಳಿದಿರುವವಳು ಒಬ್ಬಳೇ, ನಾಲ್ಕು ವರ್ಷದ ವಾರ್ಕ. ಲುಕೇರಗೆ ಪಾಸ್ಕ ಮಾಡಲು ಭಯ, ಮಾಡದಿರಲು ಇನ್ನೂ ಭಯ.

೩.
"ನಿನ್ನ ಯೀಸ್ಟೇ ನನ್ನ ಮಗಳನ್ನ ತಿಂದ್ಹಾಕ್ತು ಕಣಯ್ಯ," ಅಂದಳು ಲುಕೇರ ಒಂದು ದಿನ ಯೂಖಿಮನಿಗೆ, ಸುತ್ತುವ ಕೈ ನಿಲ್ಲಿಸದೆ.

"ಹೇಗೆ ಕಲಸಿದ್ದೆ?"

"ನಮ್ಮಮ್ಮ ಹೇಗೆ ಕಲಸ್ತಿದ್ಲೋ ಹಾಗೆ. ಕುದಿಯೋ ನೀರು ಹುಯ್ದು."

ಯೂಖಿಮ್ ಹಣೆ ಚಚ್ಚಿಕೊಂಡ. "ನಿಮ್ಮಮ್ಮಂದು ಮನೆ ಹುದುಗು ಮಾರಾಯ್ತಿ! ಹಿಟ್ಟಿಗೆ ಕುದಿನೀರು ಹುಯ್ದು, ದಿನವಿಡೀ ಆರಿಸಿ, ಆಮೇಲೆ ತಾನೇ ಹುದುಗು ಹಾಕ್ತಿದ್ದಿದ್ದು? ಇದನ್ನ ಕುದಿನೀರಿಗೆ ಹಾಕಿದ್ರೆ ಸಾಯುತ್ತೆ. ಜೀವ ಇದೆ ಇದಕ್ಕೆ. ಬೆರಳು ತಾಳುವಷ್ಟು ಬಿಸಿ ಸಾಕು!"

"ಇದನ್ನ ಹೋದ್ವರ್ಷ ಯಾಕೆ ಬೊಗಳಲಿಲ್ಲ?"

ಯೂಖಿಮ್ ಅವಳು ಸುತ್ತುತ್ತಿದ್ದ ಕಾಗದ ತಿರುಗಿಸಿ ನೋಡಿದ. ತ್ಸಾರನ ಲಾಂಛನದ ಎರಡು ತಲೆಯ ಹದ್ದು, ಎರಡು ಪದಕ, ಮಾಲೀಕನ ಹೆಸರು. ಹಿಟ್ಟು ಕಲಸುವ ಹೆಂಗಸಿಗೆ ಒಂದು ಸಾಲೂ ಇಲ್ಲ.

೪.
ಆ ಕಾಗದದ ಮೇಲೆ ಹಾಕಲೆಂದು ಅವನು ತಮ್ಮ ಭಾಷೆಯಲ್ಲಿ ನಾಲ್ಕು ಸಾಲು ಬರೆದ. ಅಚ್ಚು ಹಾಕುವಂತಿಲ್ಲ. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು: ಸೆನ್ಸಾರ್ ಒಪ್ಪಿದರೆ ಆ ಭಾಷೆಯಲ್ಲಿ ಕಥೆ, ಕವನ ಬರಬಹುದು. ಸರಿ, ಕಥೆಯೇ ಆಗಲಿ ಅಂತ ಕೂತ. ಯೀಸ್ಟ್ ಎಂಬ ಕನ್ಯೆ ಸ್ನಾನಕ್ಕೆ ಇಳಿಯುತ್ತಾಳೆ, ನೀರು ಸುಡುತ್ತದೆ, ಸಾಯುತ್ತಾಳೆ. ಒಬ್ಬ ತಾಯಿಯ ಮಗುವೂ ಸಾಯುತ್ತದೆ. ಲುಕೇರಗೆ ಓದಿ ಹೇಳಿದ.

"ಕೊನೇಲಿ ಸಾಯೋ ಮಗು ಯಾರ್ದು?"

"ತಾಯ್ನಾಡಿನ ಮಗು ಅಂತ..."

"ನಂದು ಅದು. ತೆಗಿ." ಅಂದಳು ಲುಕೇರ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ನಿಮಗೆ. ನಂಗೆ ರೊಟ್ಟಿ ಏಳಬೇಕು ಅಷ್ಟೆ."

"ಎರಡೂ ಒಂದೇ ಕಣೇ!"

"ಒಂದೇ ಆಗಿದ್ರೆ ರೊಟ್ಟಿ ಮೊದಲು ಮಾಡು."

(ನಾನು ಯೂಖಿಮನ ಪರ ಬಾಯಿ ಹಾಕಿದೆ. "ನೀನು ಸುಮ್ನಿರು. ನೀನೂ ಅದನ್ನೇ ಮಾಡ್ತಿದೀಯ," ಅಂದಳು. ಯೂಖಿಮ್ ಮಗುವನ್ನು ತೆಗೆದ. ನಾನು ತೆಗೆದಿಲ್ಲ, ನೋಡುತ್ತಿದ್ದೀರಿ.)

೫.
(ಹರಿದು ಹಾಕಲಾಗಿದೆ. ಕೀವ್‌ಗೆ ಹೋಗುವ ರೈಲಿನ ವರ್ಣನೆ.)

೬.
ಕೀವ್‌ನ ಸೆನ್ಸಾರ್ ಕಥೆಯನ್ನು ಎರಡು ಸಲ ಓದಿದ.

"ಇದು ಉಪಯೋಗಕ್ಕೆ ಬರುತ್ತೆ," ಅಂದ.

"ಸಂತೋಷ ಸ್ವಾಮಿ."

"ಸಂತೋಷ ಅಲ್ಲ ರೀ, ಆಕ್ಷೇಪಣೆ! ಕಥೆ ಅಂದ್ಮೇಲೆ ಯಾರಿಗೂ ಉಪಯೋಗ ಆಗಬಾರದು. ಇದನ್ನ ಓದಿದ್ರೆ ರೊಟ್ಟಿ ಮಾಡೋಕೆ ಬರುತ್ತೆ." ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದ. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ನಿಷೇಧವಿದ್ದ ಆ ಭಾಷೆಯಲ್ಲೇ ಕೇಳಿದ: "ಅಂದ ಹಾಗೆ, ಬೆರಳು ಎಷ್ಟ್ಹೊತ್ತು ಇಡಬೇಕು? ನಮ್ಮಮ್ಮಂದೂ ಹೋದ್ಸಲ ಕುಸೀತು."

ಯೂಖಿಮ್ ಹೇಳಿದ. ಸೆನ್ಸಾರ್ ಬರೆದುಕೊಂಡ.

(ನನ್ನ ಇನ್ನೊಂದು ಡ್ರಾಫ್ಟಿನಲ್ಲಿ ಯೂಖಿಮ್ "ಅನುಮತಿ ಇಲ್ಲ ಸ್ವಾಮಿ" ಅಂತ ಎದ್ದು ಬರುತ್ತಾನೆ. ನೀವು ಚಪ್ಪಾಳೆ ಹೊಡೆಯುತ್ತೀರಿ. ಆದರೆ ಅವನು ಒಪ್ಪಲಿಲ್ಲ. "ಆ ಮುದುಕಿ ಏನು ತಪ್ಪು ಮಾಡಿದ್ಲು?" ಅಂದ.)

೭.
ಯೂಖಿಮ್ ಬರಿಗೈಲಿ ವಾಪಸು ಬಂದಾಗ ಲುಕೇರ ಬೈಯಲಿಲ್ಲ. ಯೀಸ್ಟಿನ ಒಂದು ತುಂಡು ತೆಗೆದುಕೊಂಡು ನಡುವೆ ತೋರುಬೆರಳು ಒತ್ತಿದಳು. ಕುಳಿ ಬಿತ್ತು. ಸುತ್ತಿದಳು. ಇನ್ನೊಂದು ತುಂಡಿಗೂ ಒತ್ತಿದಳು. ಊರೂರಿಗೆ ಹೊತ್ತು ಮಾರುವ ಹೆಂಗಸರಿಗೆ ಹೇಳಿಕೊಟ್ಟಳು: "ಇದೇನು ತೂತು ಅಂತ ಕೇಳೇ ಕೇಳ್ತಾರೆ. ಈ ಬೆರಳಿಗೆ ಸ್ನಾನ ಮಾಡಿಸೋ ಬಿಸಿ ಸಾಕು ಅನ್ನಿ." ಬೆರಳಿಗೆ ಸೆನ್ಸಾರ್ ಇಲ್ಲವಲ್ಲ.

ಈಗ ಅಂತ್ಯ. ಅ) ಮಾಲು ಕೆಡಿಸಿದಳೆಂದು ಮ್ಯಾನೇಜರ್ ಅವಳನ್ನು ಓಡಿಸುತ್ತಾನೆ. ಆ) ಕುಳಿಯೇ ಫೇಮಸ್ ಆಗಿ ಮಾಲೀಕ ಮೂರನೇ ಪದಕ ಗೆಲ್ಲುತ್ತಾನೆ. ಇ) ಯೂಖಿಮನಿಗೆ ಪ್ರಿಯವಾದದ್ದು: ಕುಳಿ ಬಿದ್ದ ಯೀಸ್ಟ್ ಹಿಡಿದು ಹೆಂಗಸರೆಲ್ಲ ಬೀದಿಗಿಳಿಯುತ್ತಾರೆ.

"ಹಬ್ಬದ ವಾರದಲ್ಲಿ ಯಾರಿಗಯ್ಯ ಬೀದಿಗಿಳಿಯೋ ಪುರುಸೊತ್ತು?" ಅಂದಳು ಲುಕೇರ. "ಹಿಟ್ಟು ಕಲಸ್ಬೇಕು ನಾನು."

೮.
ಶನಿವಾರ ಬೆಳಿಗ್ಗೆ, ಅವಳ ಅಡುಗೆಮನೆ. ನೀರಿಗೆ ಬೆರಳು ಅದ್ದಿದಳು. ತೆಗೆಯಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಹಾಗೇ ನಿಂತಿದ್ದಳು. ಕಣ್ಣಲ್ಲಿ ನೀರು ಬಂತು, ಬಿಸಿಗೆ ಅಲ್ಲ. ಯೀಸ್ಟ್ ಕದಡಿ ಕಲಸಿದಳು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಉಬ್ಬಿತು. ಶಿಲುಬೆಯ ಗುರುತು ಹಾಕಿ ಒಲೆಗೆ ತಳ್ಳಿದಳು. ತಿರುಗಿ ನೋಡಿದರೆ ಹೊಸಿಲಲ್ಲಿ ಯೂಖಿಮ್, ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ನಾನು.

"ಗಂಡಸರು ಆಚೆಗೆ!" ಅಂದಳು, ಪಿಸುದನಿಯಲ್ಲೇ ಗದರಿಸಿ. ಪಾಸ್ಕ ಒಲೆಯಲ್ಲಿರುವಾಗ ಒಳಗೆ ಗಂಡಸು ಇರಕೂಡದು, ಬಾಗಿಲು ಬಡಿಯಕೂಡದು, ಜೋರು ಮಾತೂ ಕೂಡದು. ನನ್ನ ಅತ್ತೆ ಈಗಲೂ ವರ್ಷ ವರ್ಷ ನನ್ನನ್ನು ಹೀಗೇ ಹೊರದಬ್ಬುತ್ತಾರೆ.

"ಏಳ್ತೋ ಕುಸೀತೋ ಓದುಗರಿಗೆ ಹೇಳಬೇಕಲ್ಲಮ್ಮ," ಅಂದೆ.

"ಅವರಿಗೆ ಕಥೆ ಕಣೋ. ಒಲೇಲಿ ಕೂತಿರೋದು ನನ್ನ ವಾರ್ಕಳ ಜೀವ." ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಯೂಖಿಮ್ ತಾಯ್ನಾಡಿನ ಬಗ್ಗೆ ಏನೋ ಶುರು ಮಾಡಿದ. ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ನೀವೂ ಅಷ್ಟೆ, ಸಿಟ್ಟು ಬಂದಿದ್ದರೂ ಪುಸ್ತಕವನ್ನು ಪಟ್ಟನೆ ಮುಚ್ಚಬೇಡಿ. ಪಾಸ್ಕ ಇನ್ನೂ ಒಲೆಯಲ್ಲಿದೆ.